ಜಾಲದ ಆಕಾರವನ್ನು ನಂಬಿದ ಅಲ್ಗಾರಿದಮ್ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಮೂರು ವರ್ಷ ತಕರಾರಿಲ್ಲದೆ ಓಡಿದ ಪ್ರೋಗ್ರಾಮ್ ಒಂದು ಬೆಳಿಗ್ಗೆ ನಿಂತುಬಿಟ್ಟಿತು. ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ. ಜಾಲದ 400 ನೋಡ್‌ಗಳಲ್ಲಿ, ಅಂದರೆ ಜಾಲಕ್ಕೆ ಸೇರಿದ ಯಂತ್ರಗಳಲ್ಲಿ, 392 ತಮ್ಮ ಪಾಲಿನ ಮೊದಲ ಹಂತ ಮುಗಿಸಿ ಸುಮ್ಮನಿದ್ದವು. ಉಳಿದ ಎಂಟು ಮಾತ್ರ ‘ನೆರೆಯವರಿಗಾಗಿ ಕಾಯುತ್ತಿದ್ದೇನೆ’ ಎಂಬ ಒಂದೇ ಸಾಲನ್ನು ಲಾಗ್‌ಗೆ ಸುರಿಯುತ್ತಿದ್ದವು. ನಾನು ಎರಡು ದಿನ ಕ್ಯೂ, ಟೈಮರ್, ಲಾಕ್ ಎಂದು ಕೋಡ್‌ನ ಮೂಲೆಮೂಲೆ ತಡಕಿದೆ. ಉತ್ತರ ಆ ಎಂಟು ಹೆಸರುಗಳಲ್ಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ನನ್ನದಾಯಿತು.

ಆ ಪ್ರೋಗ್ರಾಮ್‌ನ ಕೆಲಸ ಸರಳ. ಪ್ರತಿ ನೋಡ್ ಆಗಾಗ ಅಳತೆಯ ಪ್ಯಾಕೆಟ್ ಕಳುಹಿಸಬೇಕು; ಆದರೆ ನೇರ ಕೊಂಡಿಯಿರುವ ಎರಡು ನೋಡ್‌ಗಳು ಒಂದೇ ಹೊತ್ತಿಗೆ ಕಳುಹಿಸಬಾರದು. ಅದಕ್ಕಾಗಿ ಸಮಯವನ್ನು ಏಳು ತುಂಡು ಮಾಡಿ, ನೆರೆಹೊರೆಯವರಿಗೆ ಬೇರೆಬೇರೆ ತುಂಡು ಸಿಗುವಂತೆ ಹಂಚಿಕೊಳ್ಳುತ್ತಿದ್ದವು. ಗ್ರಾಫ್‌ಗೆ ಬಣ್ಣ ಹಚ್ಚುವ ಹಳೆಯ ಸಮಸ್ಯೆಯೇ ಇದು: ನೋಡ್‌ಗಳೂ ಅವುಗಳ ನಡುವಿನ ಕೊಂಡಿಗಳೂ ಸೇರಿದ ಚಿತ್ರವೇ ಗ್ರಾಫ್, ಸಮಯದ ತುಂಡೇ ಬಣ್ಣ. ನಡುವೆ ಕೂತು ಹಂಚುವ ಯಜಮಾನ ಯಾರೂ ಇಲ್ಲ. ಪ್ರತಿಯೊಂದು ನೋಡ್ ತನ್ನ ನೆರೆಯವರೊಡನೆ ಮಾತ್ರ ಮಾತನಾಡಿ ತೀರ್ಮಾನಿಸಬೇಕು.

ಕೇಬಲ್‌ಗಳು ರಸ್ತೆಗಳ ಗುಂಟ ಹೋಗುತ್ತಿದ್ದವು, ಅವು ಕೂಡುವ ಕಡೆಯಲ್ಲೆಲ್ಲ ಒಂದು ನೋಡ್ ಇತ್ತು. ಹಾಗಾಗಿ ಗೆರೆಗಳು ಒಂದನ್ನೊಂದು ದಾಟದಂತೆ ಇಡೀ ಜಾಲವನ್ನು ಕಾಗದದ ಮೇಲೆ ಬಿಡಿಸಬಹುದು, ಅಂದರೆ ಇದು ಸಮತಲ ಗ್ರಾಫ್ ಎಂದು ವಿನ್ಯಾಸ ಮಾಡಿದವರು ಹಿಡಿದಿದ್ದರು. ಆ ನಂಬಿಕೆಯ ಮೇಲೆಯೇ ಅಲ್ಗಾರಿದಮ್ ನಿಂತಿತ್ತು: ಪ್ರತಿ ಸುತ್ತಿನಲ್ಲಿ, ಅಂದರೆ ಎಲ್ಲರೂ ನೆರೆಯವರೊಡನೆ ಒಮ್ಮೆ ಸಂದೇಶ ವಿನಿಮಯ ಮಾಡಿಕೊಂಡಾಗಲೆಲ್ಲ, ಉಳಿದಿರುವ ನೆರೆಯವರು ಆರು ಅಥವಾ ಕಡಿಮೆ ಇರುವ ನೋಡ್‌ಗಳು ಪಟ್ಟಿಯಿಂದ ಹೊರಬೀಳುತ್ತವೆ. ಈರುಳ್ಳಿ ಸುಲಿದಂತೆ ಪದರ ಪದರವಾಗಿ ಎಲ್ಲವೂ ಹೊರಬಿದ್ದ ಮೇಲೆ, ಕೊನೆಯ ಪದರದಿಂದ ಹಿಂದಕ್ಕೆ ಬರುತ್ತ ಬಣ್ಣ ಆರಿಸಿಕೊಳ್ಳುತ್ತವೆ. ತನಗಿಂತ ಮೊದಲು ಬಣ್ಣ ಆರಿಸಿಕೊಂಡ ನೆರೆಯವರು ಆರಕ್ಕಿಂತ ಹೆಚ್ಚಿರುವುದಿಲ್ಲವಾದ್ದರಿಂದ ಏಳು ಬಣ್ಣ ಸಾಕು. ಲಿಯೊನಿಡ್ ಬಾರೆನ್‌ಬೋಯಮ್ ಮತ್ತು ಮೈಕೆಲ್ ಎಲ್ಕಿನ್ 2008ರಲ್ಲಿ ವಿರಳ, ಅಂದರೆ ಕೊಂಡಿಗಳು ಕಡಿಮೆಯಿರುವ, ಗ್ರಾಫ್‌ಗಳಿಗೆಂದು ತೋರಿಸಿಕೊಟ್ಟ ಪದರ ವಿಂಗಡಣೆ ಇದೇ ಜಾತಿಯದು.

ಆರು ಎಂಬ ಅಂಕಿ ಎಲ್ಲಿಂದ ಬಂತು ಎನ್ನುವುದು ದೋಷ ಹುಡುಕುವವನಿಗೆ ತಿಳಿದಿರಲೇಬೇಕು. ಆಯ್ಲರ್‌ನ ಸೂತ್ರದ ಪ್ರಕಾರ ಎನ್ ನೋಡ್‌ಗಳ ಸಮತಲ ಗ್ರಾಫ್‌ನಲ್ಲಿ ಕೊಂಡಿಗಳು 3ಎನ್ − 6 ಮೀರಲಾರವು. ನೋಡ್‌ಗಳು ಕನಿಷ್ಠ ಮೂರಿದ್ದರೆ ಸಾಕು. ಪ್ರತಿ ಕೊಂಡಿಗೆ ಎರಡು ತುದಿ, ಆದ್ದರಿಂದ ಸರಾಸರಿ ನೆರೆಸಂಖ್ಯೆ 6ಕ್ಕಿಂತ ಕಡಿಮೆ. ಏಳು ಅಥವಾ ಹೆಚ್ಚು ನೆರೆಯವರಿರುವ ನೋಡ್‌ಗಳು ಒಟ್ಟಿನ ಏಳರಲ್ಲಿ ಆರು ಪಾಲನ್ನು ಮುಟ್ಟಲಾರವು. ಆದ್ದರಿಂದ ಪ್ರತಿ ಸುತ್ತಿನಲ್ಲೂ ಏಳನೇ ಒಂದು ಪಾಲಿಗಿಂತ ಹೆಚ್ಚು ನೋಡ್‌ಗಳು ಹೊರಬೀಳಲೇಬೇಕು. ಸಮತಲ ಗ್ರಾಫ್‌ನಿಂದ ಏನನ್ನೇ ಕಿತ್ತರೂ ಉಳಿದದ್ದು ಸಮತಲವೇ ಆಗಿರುವುದರಿಂದ ಈ ಲೆಕ್ಕ ಕೊನೆಯವರೆಗೂ ಸಲ್ಲುತ್ತದೆ. 400ರಿಂದ ಶುರುಮಾಡಿ ಪ್ರತಿ ಸಲ ಏಳರಲ್ಲಿ ಆರರಿಂದ ಗುಣಿಸುತ್ತ ಹೋಗಿ: 39ನೇ ಸುತ್ತಿಗೆ ಒಂದಕ್ಕಿಂತ ಕಡಿಮೆ ಬರುತ್ತದೆ, ಎಂದರೆ ಯಾರೂ ಉಳಿದಿಲ್ಲ. ನಮ್ಮ ಜಾಲದಲ್ಲಿ ಬಹುತೇಕ ನೋಡ್‌ಗಳಿಗೆ ಮೂರೋ ನಾಲ್ಕೋ ನೆರೆಯವರಷ್ಟೇ ಇದ್ದುದರಿಂದ ಸಾಮಾನ್ಯವಾಗಿ ಮೂರು ಸುತ್ತಿಗೇ ಮುಗಿಯುತ್ತಿತ್ತು. ನಾನು ಲಾಗ್ ನೋಡಿದಾಗ ಸುತ್ತಿನ ಸಂಖ್ಯೆ ಹತ್ತು ಸಾವಿರ ದಾಟಿತ್ತು. 39 ದಾಟಿದ ಕ್ಷಣವೇ ವಿಷಯ ಇತ್ಯರ್ಥವಾಗಿತ್ತು: ಕೋಡ್ ಸರಿಯಿದ್ದರೆ ಈ ಗ್ರಾಫ್ ಸಮತಲವಲ್ಲ.

ಎಂಟು ನೋಡ್‌ಗಳ ನೆರೆಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಪ್ರತಿಯೊಂದರ ಪಟ್ಟಿಯಲ್ಲೂ ಉಳಿದ ಏಳೂ ಇದ್ದವು. ಎಂಟರ ನಡುವೆ 28 ಕೊಂಡಿಗಳು. ಎಂಟು ನೋಡ್‌ಗಳ ಸಮತಲ ಗ್ರಾಫ್‌ಗೆ ಗರಿಷ್ಠ ಮಿತಿ 18. ಹಿಂದಿನ ವಾರ ಬೇರೊಂದು ತಂಡ ಆ ಎಂಟು ಕಡೆಗಳ ನಡುವೆ ಎಲ್ಲರಿಂದ ಎಲ್ಲರಿಗೂ ಟನೆಲ್, ಅಂದರೆ ಇರುವ ಕೇಬಲ್‌ಗಳ ಮೇಲೆಯೇ ಓಡುವ ತೋರಿಕೆಯ ನೇರ ಕೊಂಡಿ, ಹಾಕಿತ್ತು. ನೆರೆಯವರನ್ನು ಪತ್ತೆಹಚ್ಚುವ ಸೇವೆ ಟನೆಲ್‌ನ ಆಚೆ ತುದಿಯನ್ನೂ ‘ನೆರೆ’ ಎಂದೇ ಬರೆದುಕೊಂಡಿತ್ತು. ನಮ್ಮ ಪ್ರೋಗ್ರಾಮ್ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತಲ್ಲ, ಹಾಗೆ.

ಆಮೇಲೆ ಇಂಥ ಹಲವು ದೋಷಗಳ ಬೆನ್ನು ಹತ್ತಿದ್ದೇನೆ. ಉಂಗುರ, ಮರ, ಸಮತಲ, ವಿರಳ, ಹೀಗೆ ಜಾಲದ ಯಾವುದೋ ಒಂದು ಆಕಾರವನ್ನು ಬಳಸಿಕೊಳ್ಳುವ ಅಲ್ಗಾರಿದಮ್ ವೇಗವಾಗಿರುವುದೇ ಅದಕ್ಕೆ ಒಂದು ಮಾತು ಕೊಡಲಾಗಿದೆ ಎಂಬ ಕಾರಣಕ್ಕೆ. ಮಾತು ತಪ್ಪಿದಾಗ ಅದು ದೂರು ಹೇಳುವುದಿಲ್ಲ. ನಿಂತುಬಿಡುತ್ತದೆ, ನಿಧಾನವಾಗುತ್ತದೆ, ಇಲ್ಲವೇ ತಪ್ಪು ಉತ್ತರ ಕೊಟ್ಟು ನಗುತ್ತಿರುತ್ತದೆ. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಮೊದಲು ಗುರುತಿಸಿಕೊಳ್ಳಿ, ಏಕೆಂದರೆ ಹುಡುಕುವ ದಾರಿ ಬೇರೆಬೇರೆ.

ಕೋಡ್ ತೆರೆಯುವ ಮುನ್ನ

ಮೊದಲ ಪ್ರಶ್ನೆ: ಅಲ್ಗಾರಿದಮ್ ಓಡುತ್ತಿರುವುದು ಯಾವ ಪದರದ ಜಾಲದ ಮೇಲೆ? ಕೇಬಲ್‌ಗಳ ಜಾಲ, ರೂಟಿಂಗ್ ಪದರ ಕಾಣುವ ಜಾಲ, ಅದರ ಮೇಲೆ ಹಾಸಿದ ಟನೆಲ್‌ಗಳ ಜಾಲ ಮೂರೂ ಬೇರೆ. ನಕ್ಷೆಯ ಫೈಲ್‌ನಲ್ಲಿರುವುದು ಒಂದು, ನೋಡ್‌ಗಳ ಮೆಮೊರಿಯಲ್ಲಿರುವುದು ಇನ್ನೊಂದು. ಯಾವಾಗಲೂ ನೋಡ್‌ಗಳ ಬಾಯಿಂದಲೇ ನೆರೆಪಟ್ಟಿ ಕೇಳಿ ಪಡೆಯಿರಿ. ಗೋಡೆಗೆ ಅಂಟಿಸಿದ ನಕ್ಷೆಯನ್ನು ನೋಡಬೇಡಿ.

ಎರಡನೆಯದು, ಕೊಂಡಿಗಳು ಎರಡೂ ಕಡೆಗೆ ಓಡುತ್ತಿವೆಯೇ ಎಂಬುದು. ಇದಕ್ಕೆ ಒಂದೇ ಸುತ್ತು ಸಾಕು. ಪ್ರತಿ ನೋಡ್ ತಾನು ಯಾರ ದನಿ ಕೇಳಿದೆನೋ ಅವರ ಪಟ್ಟಿಯನ್ನು ನೆರೆಯವರಿಗೆಲ್ಲ ಕಳುಹಿಸಲಿ. ನಿನ್ನ ಪಟ್ಟಿ ನನಗೆ ತಲುಪಿ, ಅದರಲ್ಲಿ ನನ್ನ ಹೆಸರು ಇಲ್ಲದಿದ್ದರೆ ನನ್ನ ದನಿ ನಿನ್ನವರೆಗೆ ಬರುತ್ತಿಲ್ಲ. ಏಕಮುಖ ಕೊಂಡಿಯ ಅಪಾಯ ಎಷ್ಟೆಂದು ಈಥರ್ನೆಟ್ ಸ್ವಿಚ್‌ಗಳನ್ನು ನೋಡಿಕೊಂಡವರಿಗೆ ಗೊತ್ತು. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ ಸುತ್ತುಗಳಿರುವ, ಅಂದರೆ ಹೊರಟಲ್ಲಿಗೇ ಮರಳುವ ದಾರಿಗಳಿರುವ, ಜಾಲದಲ್ಲಿ ಕೆಲವು ಪೋರ್ಟ್‌ಗಳನ್ನು ಮುಚ್ಚಿ, ಅಂಥ ದಾರಿಯಿಲ್ಲದ ಮರವನ್ನು ಉಳಿಸಿಕೊಳ್ಳುತ್ತದೆ. ಮುಚ್ಚಿದ ಪೋರ್ಟ್ ಮುಚ್ಚಿಯೇ ಇರಬೇಕಾದರೆ ಎದುರಿನ ಸ್ವಿಚ್‌ನ ಸಂದೇಶ ಅದಕ್ಕೆ ಕೇಳುತ್ತಿರಬೇಕು. ಫೈಬರ್‌ನ ಒಂದು ಎಳೆ ಮಾತ್ರ ಸತ್ತರೆ ಆ ದನಿ ನಿಲ್ಲುತ್ತದೆ. ಮೂಲ ಮಾನದಂಡದ ಅಂಕಿಗಳ ಪ್ರಕಾರ 20 ಸೆಕೆಂಡು ಕಾದು, ಆಮೇಲೆ 15ರ ಎರಡು ಹಂತ ದಾಟಿ, ಒಟ್ಟು 50 ಸೆಕೆಂಡಿಗೆ ಪೋರ್ಟ್ ತೆರೆದುಕೊಳ್ಳುತ್ತದೆ. ಇನ್ನೊಂದು ಎಳೆ ಜೀವಂತವಾಗಿಯೇ ಇರುವುದರಿಂದ ಜಾಲದಲ್ಲಿ ಸುತ್ತು ಹುಟ್ಟಿತು. ಈಥರ್ನೆಟ್ ಫ್ರೇಮ್‌ಗೆ ಆಯುಸ್ಸಿನ ಮಿತಿ ಇಲ್ಲ. ಸುತ್ತಿಗೆ ಬಿದ್ದದ್ದು ಸುತ್ತುತ್ತಲೇ ಇರುತ್ತದೆ. ಇಲ್ಲಿ ಯಾವ ಸ್ವಿಚ್ಚೂ ನಿಯಮ ಮುರಿದಿಲ್ಲ ಎಂಬುದನ್ನು ಗಮನಿಸಿ.

ಮೂರನೆಯದು ಐಡಿಗಳು, ಅಂದರೆ ನೋಡ್‌ಗಳ ಗುರುತುಸಂಖ್ಯೆಗಳು. ವರ್ಚುವಲ್ ಯಂತ್ರದ ಒಂದೇ ಇಮೇಜ್‌ನಿಂದ ನಕಲು ಮಾಡಿದ ನೋಡ್‌ಗಳು ಒಂದೇ ಐಡಿ ಹೊತ್ತು ಎದ್ದು ಬರುವುದು ನಾನು ಹೆಚ್ಚು ಸಲ ಕಂಡ ದೋಷ. ಇದರ ಪರಿಣಾಮಗಳಿಗೆ ಆಮೇಲೆ ಬರುತ್ತೇನೆ.

ನಾಲ್ಕನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ: ಪ್ರತಿ ಸಂದೇಶದ ಮೇಲೆ ಸುತ್ತಿನ ಸಂಖ್ಯೆ ಇದೆಯೇ? ಇಲ್ಲದಿದ್ದರೆ ಇವತ್ತೇ ಸೇರಿಸಿ. ಐದನೇ ಸುತ್ತಿನ ಸಂದೇಶವನ್ನು ಆರನೆಯದೆಂದು ಓದಿಕೊಂಡ ನೋಡ್‌ನ ಹಿಂದೆ ಬಿದ್ದು ವಾರಗಟ್ಟಲೆ ಕಳೆದವರಿದ್ದಾರೆ.

ನಿಂತುಹೋದರೆ

ಯಾರು ಉಳಿದಿದ್ದಾರೆ ಎಂದು ನೋಡಿ. ಸುಲಿಯುವ ಜಾತಿಯ ಅಲ್ಗಾರಿದಮ್‌ಗಳಲ್ಲಿ ಉಳಿದ ತಿರುಳೇ ಸಾಕ್ಷಿ. ತಿರುಳಿನೊಳಗೆ ಎಲ್ಲರಿಗೂ ಮಿತಿಗಿಂತ ಹೆಚ್ಚು ನೆರೆಯವರಿದ್ದರೆ ಮಾತು ತಪ್ಪಿದ್ದು ಜಾಲ. ಯಾರಿಗಾದರೂ ಮಿತಿಗಿಂತ ಕಡಿಮೆ ಇದ್ದೂ ಹೊರಬಿದ್ದಿಲ್ಲವಾದರೆ ತಪ್ಪು ಕೋಡ್‌ನದು, ಅಥವಾ ‘ನಾನು ಹೊರಟೆ’ ಎಂಬ ಸಂದೇಶ ದಾರಿಯಲ್ಲಿ ಕಳೆದುಹೋಗಿದೆ. ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ.

ಇಡೀ ಜಾಲದ ಕೊಂಡಿಗಳನ್ನು ಎಣಿಸಿ 3ಎನ್ − 6ರೊಡನೆ ಹೋಲಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನಮ್ಮ ಜಾಲದ ಒಟ್ಟು ಕೊಂಡಿಗಳು ಟನೆಲ್ ಸೇರಿಯೂ 600 ದಾಟಿರಲಿಲ್ಲ. 400 ನೋಡ್‌ಗಳಿಗೆ ಮಿತಿ 1194. ಒಟ್ಟು ಲೆಕ್ಕ ಸೊಗಸಾಗಿ ಪಾಸಾಗುತ್ತಿತ್ತು. ದಟ್ಟಣೆ ಒಂದು ಮೂಲೆಯಲ್ಲಿ ಅಡಗಿ ಕೂತಿದ್ದಾಗ ಸರಾಸರಿ ಅದನ್ನು ಮುಚ್ಚಿಹಾಕುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಟನೆಲ್ ಹಾಕಿದ್ದು ಎಂಟರ ಬದಲು ಐದು ನೋಡ್‌ಗಳ ನಡುವೆ ಎಂದುಕೊಳ್ಳಿ. ಹತ್ತು ಕೊಂಡಿಗಳು, ಮಿತಿ ಒಂಬತ್ತು. ಗ್ರಾಫ್ ಖಂಡಿತ ಸಮತಲವಲ್ಲ. ಆದರೂ ಒಬ್ಬೊಬ್ಬರಿಗೆ ಒಳಗಿನ ನೆರೆಯವರು ನಾಲ್ಕೇ ಇರುವುದರಿಂದ ಸುಲಿಯುವಿಕೆ ನಿರಾತಂಕವಾಗಿ ಮುಗಿಯುತ್ತದೆ, ಉತ್ತರವೂ ಸರಿಯಾಗಿರುತ್ತದೆ. ದಾಖಲೆಯಲ್ಲಿ ಬರೆದ ಷರತ್ತು ‘ಸಮತಲ’, ಅಲ್ಗಾರಿದಮ್‌ಗೆ ನಿಜವಾಗಿ ಬೇಕಾದದ್ದು ‘ಯಾವ ಭಾಗವನ್ನು ತೆಗೆದುಕೊಂಡರೂ ಅದರಲ್ಲಿ ಆರಕ್ಕಿಂತ ಹೆಚ್ಚು ನೆರೆಯವರಿಲ್ಲದ ಒಂದು ನೋಡ್ ಇರಬೇಕು’ ಎಂಬುದಷ್ಟೇ. ಗ್ರಾಫ್ ಸಮತಲವೇ ಎಂದು ಒಂದು ಕಡೆ ತಂದು ಪರೀಕ್ಷಿಸಲು ಹಾಪ್‌ಕ್ರಾಫ್ಟ್ ಮತ್ತು ಟಾರ್ಜನ್ 1974ರಲ್ಲೇ ರೇಖೀಯ ಸಮಯದ, ಅಂದರೆ ಜಾಲ ದೊಡ್ಡದಾದಷ್ಟೇ ಪ್ರಮಾಣದಲ್ಲಿ ಸಮಯ ಹಿಡಿಯುವ, ವಿಧಾನ ಕೊಟ್ಟಿದ್ದಾರೆ. ಅದನ್ನು ಓಡಿಸಿ ‘ಸಮತಲವಲ್ಲ’ ಎಂಬ ಉತ್ತರ ಬಂದೊಡನೆ ಅಪರಾಧಿ ಸಿಕ್ಕನೆಂದು ಕುಣಿಯಬೇಡಿ. ಅಲ್ಗಾರಿದಮ್ ಬಳಸಿಕೊಳ್ಳುವ ಗುಣ ಮುರಿದಿದೆಯೇ ಎಂದು ನೋಡಿ.

ಮರದ ಮೇಲೆ ಓಡುವ ಲೆಕ್ಕಗಳು, ಅಂದರೆ ಎಲೆಗಳಿಂದ ಬೇರಿನ ಕಡೆಗೆ ಮೊತ್ತ ಕೂಡಿಸುತ್ತ ಬರುವಂಥವು, ನಿಂತರೆ ಕಾರಣ ಬಹುಪಾಲು ಒಂದೇ: ‘ನನ್ನ ತಂದೆ ಇವನು’ ಎಂಬ ಬಾಣಗಳು ಎಲ್ಲೋ ಸುತ್ತು ಹಾಕಿಕೊಂಡಿವೆ. ಸುತ್ತಿಗೆ ಎಲೆ ಇರುವುದಿಲ್ಲ, ಎಲ್ಲರೂ ಎಲ್ಲರಿಗಾಗಿ ಕಾಯುತ್ತಾರೆ. ಕೊಂಡಿಯೊಂದು ಕಡಿದಾಗ ಹಳೆಯ ದೂರವನ್ನೇ ನಂಬಿ ಹೊಸ ತಂದೆಯನ್ನು ಆರಿಸಿಕೊಂಡಾಗ ಹೀಗಾಗುತ್ತದೆ. ಇದನ್ನು ಹಿಡಿಯಲು ಪ್ರತಿ ನೋಡ್ ಬೇರಿನ ಐಡಿ ಮತ್ತು ಬೇರಿನಿಂದ ತನಗಿರುವ ದೂರ ಎರಡನ್ನೂ ಇಟ್ಟುಕೊಂಡು, ತಂದೆಯ ಬೇರು ತನ್ನದೇ ಬೇರು, ತಂದೆಯ ದೂರ ತನ್ನದಕ್ಕಿಂತ ಸರಿಯಾಗಿ ಒಂದು ಕಡಿಮೆ ಎಂದು ನೋಡಿಕೊಂಡರೆ ಸಾಕು. ಸುತ್ತಿನಲ್ಲಿ ಪ್ರತಿ ಹೆಜ್ಜೆಗೂ ದೂರ ಒಂದೊಂದೇ ಇಳಿಯುತ್ತ ಹೋಗಿ ಹೊರಟಲ್ಲಿಗೇ ಬರಲು ಸಾಧ್ಯವಿಲ್ಲವಾದ್ದರಿಂದ, ಸುತ್ತು ಇದ್ದರೆ ಯಾರಾದರೊಬ್ಬರು ಕೂಗಲೇಬೇಕು. ಅಮೋಸ್ ಕೋರ್ಮನ್, ಶೇ ಕುಟ್ಟೆನ್ ಮತ್ತು ಡೇವಿಡ್ ಪೆಲೆಗ್ ಬೆಳೆಸಿದ ಸಾಕ್ಷ್ಯಚೀಟಿಗಳ ಸಿದ್ಧಾಂತದ ಅತಿ ಸರಳ ಉದಾಹರಣೆ ಇದು. ಸಮತಲ ಗುಣಕ್ಕೂ ಇಂಥ ಪುಟ್ಟ ಚೀಟಿಗಳು ಸಾಧ್ಯವೆಂದು 2020ರಲ್ಲಿ ತೋರಿಸಲಾಗಿದೆ.

ನಿಧಾನವಾದರೆ

ಸೆಕೆಂಡುಗಳನ್ನು ಬಿಟ್ಟು ಸುತ್ತುಗಳನ್ನು ಎಣಿಸಿ. ಸುತ್ತುಗಳು ಮೊದಲಿನಷ್ಟೇ ಇದ್ದು ಗಡಿಯಾರ ಮಾತ್ರ ಹೆಚ್ಚು ತೋರಿಸಿದರೆ ಅದು ಯಂತ್ರದ ಅಥವಾ ಕೊಂಡಿಯ ಸಮಸ್ಯೆ; ಈ ಕೈಪಿಡಿಯದಲ್ಲ.

ಸುತ್ತುಗಳೇ ಹೆಚ್ಚಾಗಿದ್ದರೆ ಚಕ್ರವನ್ನು ನೆನೆಯಿರಿ. ನಡುವೆ ಒಂದು ಗುಂಬ, ಅಂಚಿನಲ್ಲಿ 1000 ನೋಡ್‌ಗಳು, ಪ್ರತಿಯೊಂದರಿಂದಲೂ ಗುಂಬಕ್ಕೆ ಒಂದು ಅರೆಕಾಲು, ಅಂದರೆ ಚಕ್ರದ ಕಡ್ಡಿಯಂಥ ಕೊಂಡಿ. ಯಾವ ಎರಡು ನೋಡ್‌ಗಳ ನಡುವೆಯೂ ಎರಡೇ ಹೆಜ್ಜೆ, ಅಂದರೆ ಜಾಲದ ವ್ಯಾಸ 2. ಅಂಚಿನ ಕೊಂಡಿಗಳು ಅಗ್ಗ, ಅರೆಕಾಲುಗಳು ದುಬಾರಿ ಎಂದಿಟ್ಟುಕೊಂಡು ಎಲ್ಲ ನೋಡ್‌ಗಳನ್ನೂ ಕೂಡಿಸುವ ಕನಿಷ್ಠ ವೆಚ್ಚದ ಮರ ಕಟ್ಟಲು ಹೊರಡಿ. ಗ್ಯಾಲಗರ್, ಹಂಬ್ಲೆ, ಸ್ಪೀರಾ 1983ರಲ್ಲಿ ಕೊಟ್ಟ ಪ್ರಸಿದ್ಧ ವಿಧಾನದಲ್ಲಿ ನೋಡ್‌ಗಳು ತುಣುಕುಗಳಾಗಿ ಕೂಡುತ್ತವೆ, ತುಣುಕುಗಳು ಪರಸ್ಪರ ಕೂಡಿ ದೊಡ್ಡದಾಗುತ್ತವೆ. ಹಂತಕ್ಕೆ ಇಮ್ಮಡಿಯಾಗುವುದರಿಂದ ಹತ್ತು ಹಂತ ಮೀರುವುದಿಲ್ಲ. ಆದರೆ ತುಣುಕು ತನ್ನೊಳಗೆ ಮಾತನಾಡುವುದು ತಾನು ಕಟ್ಟಿದ ಮರದ ಕೊಂಡಿಗಳಲ್ಲೇ. ಅಂಚಿನ ಉದ್ದಕ್ಕೂ ಹಬ್ಬಿದ 500 ನೋಡ್‌ಗಳ ತುಣುಕಿನಲ್ಲಿ ಈ ತುದಿಯಿಂದ ಆ ತುದಿಗೆ 499 ಹೆಜ್ಜೆ. ಎರಡು ಹೆಜ್ಜೆಯ ಜಾಲದಲ್ಲಿ ಸುದ್ದಿ ಪ್ರದಕ್ಷಿಣೆ ಹಾಕುತ್ತಿದೆ.

ಆದ್ದರಿಂದ ಲಾಗ್‌ನಲ್ಲಿ ಎರಡು ಅಂಕಿಗಳನ್ನು ಬೇರೆಬೇರೆ ಇಡಿ: ಹಂತಗಳೆಷ್ಟು, ಹಂತವೊಂದಕ್ಕೆ ಸುತ್ತುಗಳೆಷ್ಟು. ಹಂತಗಳು ಹತ್ತರ ಒಳಗಿದ್ದು ಹಂತಕ್ಕೆ ನೂರಾರು ಸುತ್ತು ಹಿಡಿಯುತ್ತಿದ್ದರೆ ರೋಗ ಇದೇ. ಮದ್ದು ಅಡ್ಡದಾರಿ: ತುಣುಕಿನ ಸದಸ್ಯರು ತಮ್ಮ ಅರೆಕಾಲುಗಳನ್ನು ಮಾತಿಗಾಗಿ ಬಳಸಿಕೊಳ್ಳಲಿ, ಆ ಕೊಂಡಿಗಳು ಮರದಲ್ಲಿ ಇರಬೇಕಾಗಿಲ್ಲ. ಸಮತಲ ಜಾಲಗಳಲ್ಲಿ ಇಂಥ ಅಡ್ಡದಾರಿಗಳು ಯಾವಾಗಲೂ ಸಿಗುತ್ತವೆ, ಅವುಗಳ ಮೇಲೆ ದಟ್ಟಣೆಯೂ ಹೆಚ್ಚಾಗದು ಎಂದು ಮೊಹ್ಸೆನ್ ಘಫಾರಿ ಮತ್ತು ಬರ್ನ್‌ಹಾರ್ಡ್ ಹಾಯಿಪ್ಲರ್ 2016ರಲ್ಲಿ ತೋರಿಸಿದರು. ಕನಿಷ್ಠ ಮರವನ್ನು ಸರಿಸುಮಾರು ವ್ಯಾಸದಷ್ಟೇ ಸುತ್ತುಗಳಲ್ಲಿ, ಕೆಲವು ಲಾಗರಿದಮ್ ಅಂಶಗಳ ಅಂತರದಲ್ಲಿ, ಕಟ್ಟಬಹುದು. ಆಕಾರದ ಮಾತೇ ಇಲ್ಲದ ಜಾಲಗಳಲ್ಲಿ ಇದು ಆಗದ ಕೆಲಸ: ವ್ಯಾಸ ಚಿಕ್ಕದಿದ್ದರೂ ನೋಡ್ ಸಂಖ್ಯೆಯ ವರ್ಗಮೂಲದ ಆಸುಪಾಸಿನಷ್ಟು ಸುತ್ತುಗಳು ಬೇಕಾಗುವ ಜಾಲಗಳಿವೆ ಎಂಬುದನ್ನು ಪೆಲೆಗ್ ಮತ್ತು ರುಬಿನೋವಿಚ್ ಅದಕ್ಕೂ ಬಹಳ ಮೊದಲೇ ಸಾಧಿಸಿದ್ದರು. ಇದರಿಂದ ಒಂದು ಒಳ್ಳೆಯ ಸುಳಿವು ಸಿಗುತ್ತದೆ. ಜಾಲವನ್ನು ಹಿಗ್ಗಿಸುತ್ತ ಹೋದಾಗ ವ್ಯಾಸ ಹಾಗೆಯೇ ಇದ್ದು ಸುತ್ತುಗಳು ವರ್ಗಮೂಲದಂತೆ ಏರುತ್ತಿದ್ದರೆ, ನೀವು ‘ಸಮತಲ’ ಎಂಬ ಆಯ್ಕೆ ಒತ್ತಿದ್ದರೂ ಒಳಗೆ ಓಡುತ್ತಿರುವುದು ಸಾಮಾನ್ಯ ವಿಧಾನ.

ಅಡ್ಡದಾರಿ ಹಾಕಿದ ಮೇಲೂ ನಿಧಾನವೇ? ಹಾಗಾದರೆ ದಟ್ಟಣೆ. ಬರೆಯುವಾಗ ಸುಲಭವೆಂದು ಎಲ್ಲ ತುಣುಕುಗಳ ಅಡ್ಡದಾರಿಯನ್ನೂ ಒಂದೇ ಮರದ ಬೇರಿನ ಮೂಲಕ ಹಾಯಿಸಿರುತ್ತಾರೆ. ಸಿದ್ಧಾಂತದ ಲೆಕ್ಕದಲ್ಲಿ ಒಂದು ಕೊಂಡಿ ಒಂದು ಸುತ್ತಿನಲ್ಲಿ ಒಂದೆರಡು ಐಡಿ ಹಿಡಿಸುವಷ್ಟು ಸಂದೇಶವನ್ನು ಮಾತ್ರ ಹೊರುತ್ತದೆ. 40 ತುಣುಕುಗಳು ಒಂದೇ ಕೊಂಡಿಗೆ ಬಂದು ನಿಂತರೆ 40 ಸುತ್ತು ಅಲ್ಲಿಯೇ ಖರ್ಚು. ಪ್ರತಿ ಕೊಂಡಿಯ ಕ್ಯೂ ಎಷ್ಟು ಉದ್ದ ಬೆಳೆಯಿತು ಎಂಬ ಒಂದು ಅಂಕಿಯನ್ನು ಬರೆದಿಡಿ. ಬೇರಿನ ಬುಡದ ಕೊಂಡಿಗಳಲ್ಲಿ ಅದು ಉಬ್ಬಿರುವುದು ಕಣ್ಣಿಗೇ ಕಾಣುತ್ತದೆ. ಚಕ್ರದಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಒಂದು ಅರೆಕಾಲು ಒಂದೇ ತುಣುಕಿಗೆ ಸೇರಿದ್ದು. ಆದರೆ ಗುಂಬದ ನೋಡ್ ಒಂದೇ ಸುತ್ತಿನಲ್ಲಿ 1000 ಸಂದೇಶ ಓದಬೇಕಾಗುತ್ತದೆ, ಸಿದ್ಧಾಂತ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆ ಯಂತ್ರದ ಫ್ಯಾನ್ ಮಾತ್ರ ಹಿಡಿಯುತ್ತದೆ.

ತಪ್ಪು ಉತ್ತರ ಬಂದರೆ

ಮೂರರಲ್ಲಿ ಅತ್ಯಂತ ಕೆಟ್ಟದ್ದು ಇದು. ಉಂಗುರಕ್ಕೆ ಮೂರು ಬಣ್ಣ ಹಚ್ಚುವ ಕೋಲ್ ಮತ್ತು ವಿಶ್ಕಿನ್ ಅವರ 1986ರ ವಿಧಾನವನ್ನೇ ತೆಗೆದುಕೊಳ್ಳೋಣ. ಐಡಿಯೇ ಮೊದಲ ಬಣ್ಣ. ಪ್ರತಿ ನೋಡ್ ತನ್ನ ಬಣ್ಣವನ್ನು ‘ಮುಂದಿನವನ’ ಬಣ್ಣದೊಡನೆ ಎರಡರ ಪದ್ಧತಿಯಲ್ಲಿ ಹೋಲಿಸಿ, ಬಲಗಡೆಯಿಂದ ಎಣಿಸಿದರೆ ಮೊದಲು ಬೇರೆಯಾಗುವ ಸ್ಥಾನವನ್ನು ಹಿಡಿಯುತ್ತದೆ, ಎಣಿಕೆ ಸೊನ್ನೆಯಿಂದ. ಆ ಸ್ಥಾನವನ್ನು ಇಮ್ಮಡಿಸಿ ಅಲ್ಲಿರುವ ತನ್ನ ಬಿಟ್ಟನ್ನು ಕೂಡಿಸಿದರೆ ಹೊಸ ಬಣ್ಣ. ನನ್ನದು 22, ಅಂದರೆ 10110. ಮುಂದಿನವನದು 18, ಅಂದರೆ 10010. ಬೇರೆಯಾಗುವುದು 2ನೇ ಸ್ಥಾನದಲ್ಲಿ, ಅಲ್ಲಿ ನನ್ನ ಬಿಟ್ 1. ಹೊಸ ಬಣ್ಣ 5. 64 ಬಿಟ್‌ನ ಐಡಿಗಳಿದ್ದರೆ ಒಂದು ಹೆಜ್ಜೆಗೆ 128 ಬಣ್ಣ, ಎರಡನೆಯದಕ್ಕೆ 14, ಮೂರನೆಯದಕ್ಕೆ 8, ನಾಲ್ಕನೆಯದಕ್ಕೆ 6. ಆಮೇಲೆ ಮೂರು ಸುತ್ತುಗಳಲ್ಲಿ 5, 4, 3 ಎಂಬ ಬಣ್ಣಗಳನ್ನು ಒಂದೊಂದಾಗಿ ತೊಡೆದು ಮೂರಕ್ಕೆ ಇಳಿಸಬಹುದು. ಉಂಗುರ ಎಷ್ಟೇ ದೊಡ್ಡದಿರಲಿ, ಏಳು ಸುತ್ತು. ನನಗೆ ಇದು ಇಂದಿಗೂ ಮಾಯೆಯಂತೆಯೇ ಕಾಣುತ್ತದೆ.

ಮಾಯೆ ನಿಂತಿರುವುದು ‘ಮುಂದಿನವನು’ ಎಂಬ ಮಾತಿನ ಮೇಲೆ. ಉಂಗುರದ ಎಲ್ಲರೂ ಒಂದೇ ದಿಕ್ಕನ್ನು ಮುಂದೆ ಎನ್ನಬೇಕು. ಒಂದು ನೋಡ್‌ನ ಎರಡು ಪೋರ್ಟ್‌ಗಳ ಕೇಬಲ್ ಅದಲುಬದಲಾಯಿತು ಎಂದುಕೊಳ್ಳಿ. ಸಾಲಿನಲ್ಲಿ ಕ್ರಮವಾಗಿ 18, 22, 7, 3 ಇದ್ದಾರೆ. ಮುಂದೆ ಎಂದರೆ ಬಲಗಡೆ. 22 ಮಾತ್ರ ತಿರುಗಿ ನಿಂತು 18ನ್ನು ಮುಂದಿನವನೆಂದು ಭಾವಿಸಿದೆ. ಮೇಲೆ ಕಂಡಂತೆ ಅದರ ಹೊಸ ಬಣ್ಣ 5. ಇತ್ತ 7, ಅಂದರೆ 00111, ತನ್ನ ಮುಂದಿನ 3ರೊಡನೆ, ಅಂದರೆ 00011ರೊಡನೆ, ಹೋಲಿಸುತ್ತದೆ; ಬೇರೆಯಾಗುವುದು 2ನೇ ಸ್ಥಾನ, ತನ್ನ ಬಿಟ್ 1, ಹೊಸ ಬಣ್ಣ 5. ಅಕ್ಕಪಕ್ಕದ 22 ಮತ್ತು 7 ಎರಡಕ್ಕೂ 5.

ದೋಷ ಕಾಣಿಸಿಕೊಂಡ ಜಾಗವನ್ನು ನೋಡಿ. 18 ಮತ್ತು 22 ಪರಸ್ಪರ ಮುಖ ಮಾಡಿ ನಿಂತಿದ್ದರೂ ಅವುಗಳ ನಡುವೆ ಎಂದೂ ಜಗಳ ಬರುವುದಿಲ್ಲ: ಇಬ್ಬರೂ ಹಿಡಿಯುವುದು ಒಂದೇ ಸ್ಥಾನ, ಬಿಟ್ ಮಾತ್ರ ಬೇರೆ, ಆದ್ದರಿಂದ ಬಣ್ಣವೂ ಬೇರೆ. ಪೆಟ್ಟು ಬೀಳುವುದು ಬೆನ್ನು ಬೆನ್ನು ಮಾಡಿ ನಿಂತ ಕೊಂಡಿಯಲ್ಲಿ, ಏಕೆಂದರೆ ಅದರ ಎರಡೂ ತುದಿಯವರು ಒಬ್ಬರನ್ನೊಬ್ಬರು ನೋಡುತ್ತಲೇ ಇಲ್ಲ. ಹಾಗಾಗಿ ಡಿಕ್ಕಿ ಸಿಕ್ಕ ಕೊಂಡಿಯ ಎರಡೂ ತುದಿಗಳನ್ನು ‘ನಿನ್ನ ಮುಂದಿನವನು ಯಾರು’ ಎಂದು ಕೇಳಿ. ಇಬ್ಬರೂ ಬೇರೆ ಕಡೆ ಕೈ ತೋರಿಸಿದರೆ ಕೇಬಲ್ ನೋಡಲು ಹೊರಡಿ. ಡಿಕ್ಕಿ ಪ್ರತಿ ಸಲವೂ ಆಗುವುದಿಲ್ಲ, ಐಡಿಗಳ ಮೇಲೆ ಹೋಗುತ್ತದೆ. ಇಂಥ ದೋಷ ತಿಂಗಳುಗಟ್ಟಲೆ ಮಲಗಿದ್ದು, ಯಾವುದೋ ನೋಡ್ ಬದಲಾಯಿಸಿದ ದಿನ ಏಳುತ್ತದೆ. ಬೈಗುಳ ಮಾತ್ರ ಹೊಸ ನೋಡ್‌ಗೆ.

ಐಡಿಗಳು ನಕಲಾಗಿದ್ದರೆ ಚಿತ್ರ ಬೇರೆ. ಅಕ್ಕಪಕ್ಕದವರ ಐಡಿ ಒಂದೇ ಆದರೆ ಬೇರೆಯಾಗುವ ಸ್ಥಾನವೇ ಇಲ್ಲ. ಹೆಚ್ಚಿನವರು ಇಲ್ಲಿ ‘ಬಲಗಡೆಯ ಸೊನ್ನೆಗಳನ್ನು ಎಣಿಸು’ ಎಂಬ ಪ್ರೊಸೆಸರ್ ಸೂಚನೆಯನ್ನು ಬಳಸಿರುತ್ತಾರೆ. ಪೂರ್ತಿ ಸೊನ್ನೆಯನ್ನೇ ಕೊಟ್ಟರೆ ಅದು ಕೆಲವು ಪ್ರೊಸೆಸರ್‌ಗಳಲ್ಲಿ 64 ಎನ್ನುತ್ತದೆ, ಕೆಲವು ಕಡೆ ಏನು ಬೇಕಾದರೂ ಎನ್ನಬಹುದು. ಮೊದಲ ಹೆಜ್ಜೆಯ ನಂತರ 127ಕ್ಕಿಂತ ದೊಡ್ಡ ಬಣ್ಣ ಲಾಗ್‌ನಲ್ಲಿ ಕಂಡರೆ ಬೇರೆ ಯಾವ ತನಿಖೆಯೂ ಬೇಡ, ನಕಲು ಐಡಿ ಹುಡುಕಿ.

ನಕಲುಗಳು ದೂರದೂರ ಇದ್ದರೆ ಬಣ್ಣಕ್ಕೆ ತೊಂದರೆಯಿಲ್ಲ, ನಾಯಕನ ಆಯ್ಕೆಗೆ ಉಂಟು. ಚಾಂಗ್ ಮತ್ತು ರಾಬರ್ಟ್ಸ್ 1979ರಲ್ಲಿ ಹೇಳಿದಂತೆ ಉಂಗುರದಲ್ಲಿ ತನ್ನ ಐಡಿ ಸುತ್ತಿ ಬಂದು ತನಗೇ ತಲುಪಿದವನು ನಾಯಕ. ಅತಿ ದೊಡ್ಡ ಐಡಿ ಇಬ್ಬರಿಗಿದ್ದರೆ ಒಬ್ಬನ ಸಂದೇಶ ಇನ್ನೊಬ್ಬನಿಗೆ ತಲುಪಿದಾಗ ಅವನು ಅದನ್ನು ತನ್ನದೆಂದೇ ತಿಳಿಯುತ್ತಾನೆ; ಇಬ್ಬರೂ ಪಟ್ಟವೇರುತ್ತಾರೆ. ಸಂದೇಶಕ್ಕೆ ಹೆಜ್ಜೆಗಳ ಎಣಿಕೆ ಕಟ್ಟಿ ಕಳುಹಿಸಿ. ಉಂಗುರದಲ್ಲಿ 60 ನೋಡ್‌ಗಳಿದ್ದು, 23 ಹೆಜ್ಜೆಗೇ ‘ನನ್ನದು ಬಂತು’ ಎಂದರೆ 23 ಮನೆ ಹಿಂದೆ ಅವಳಿ ಇದ್ದಾನೆ. ಐಡಿಗಳೇ ಇಲ್ಲದ ಉಂಗುರದಲ್ಲಿ ನಿಶ್ಚಿತ ವಿಧಾನದಿಂದ ನಾಯಕನನ್ನು ಆರಿಸಲಾಗದು ಎಂದು ಡೇನಾ ಆಂಗ್ಲುಯಿನ್ 1980ರಲ್ಲಿ ಸಾಧಿಸಿರುವುದರಿಂದ ಕೋಡ್ ತಿದ್ದಿ ಇದರಿಂದ ಪಾರಾಗುವ ಆಸೆ ಬೇಡ.

ದುರಸ್ತಿ

ನಮ್ಮ ಎಂಟು ನೋಡ್‌ಗಳ ವಿಷಯದಲ್ಲಿ ಮೊದಲು ಬಂದ ಸಲಹೆ ಮಿತಿಯನ್ನು ಆರರಿಂದ ಏಳಕ್ಕೆ ಏರಿಸಿ ಕೈತೊಳೆದುಕೊಳ್ಳಿ ಎಂದು. ಹಾಗೆ ಮಾಡಿದರೆ ಸುಲಿಯುವಿಕೆ ಮುಗಿಯುತ್ತಿತ್ತು, ನಿಜ. ಆದರೆ ಎಲ್ಲರೂ ಎಲ್ಲರಿಗೂ ನೆರೆಯಾದ ಎಂಟು ನೋಡ್‌ಗಳಿಗೆ ಎಂಟು ಬಣ್ಣ ಬೇಕು. ನಮ್ಮಲ್ಲಿದ್ದದ್ದು ಏಳು ಸಮಯದ ತುಂಡು. ಯಾವ ಅಲ್ಗಾರಿದಮ್ ತಂದರೂ, ಎಂಥ ಯಂತ್ರ ತಂದರೂ ಆ ಹಂಚಿಕೆ ಆಗದು. ಪ್ರೋಗ್ರಾಮ್ ನಿಂತದ್ದು ಒಂದು ರೀತಿಯಲ್ಲಿ ಉಪಕಾರವೇ ಆಯಿತು. ಟನೆಲ್‌ಗಳು ಅದೇ ಕೇಬಲ್‌ಗಳ ಮೇಲೆ ಓಡುವುದರಿಂದ ಅವುಗಳಿಗೆ ಬೇರೆ ತುಂಡು ಬೇಕಿರಲಿಲ್ಲ. ನೆರೆಪಟ್ಟಿಯಿಂದ ಟನೆಲ್‌ಗಳನ್ನು ಸೋಸುವ ಎರಡು ಸಾಲು ಬರೆದೆವು, ಅಷ್ಟೇ.

ಅದರ ಜೊತೆಗೆ ಸುತ್ತುಗಳಿಗೆ ಮಿತಿ ಹಾಕಿದೆವು. ‘ಈ ಸುತ್ತಿನಲ್ಲಿ ಜಾಲದಲ್ಲಿ ಯಾರೂ ಹೊರಬೀಳಲಿಲ್ಲ’ ಎಂಬುದು ಒಂದು ನೋಡ್‌ಗೆ ತಾನಾಗಿ ತಿಳಿಯುವ ಸಂಗತಿಯಲ್ಲ. ಸುತ್ತಿನ ಸಂಖ್ಯೆ ಮಾತ್ರ ಎಲ್ಲರಿಗೂ ಗೊತ್ತು. ಆದ್ದರಿಂದ 39 ಮುಗಿದ ಮೇಲೂ ಒಳಗಿರುವ ನೋಡ್ ತನ್ನ ಹೆಸರನ್ನೂ ಉಳಿದ ನೆರೆಯವರ ಹೆಸರುಗಳನ್ನೂ ಬರೆದು ಗಟ್ಟಿಯಾಗಿ ದೂರು ಹೇಳುತ್ತದೆ. ಜಾಲ 800ಕ್ಕೆ ಬೆಳೆದರೂ ಮಿತಿ 44 ಆಗುತ್ತದೆ ಅಷ್ಟೇ, ಹಾಗಾಗಿ ನೋಡ್‌ಗಳ ಸಂಖ್ಯೆ ಅಂದಾಜಿನದಾದರೂ ನಷ್ಟವಿಲ್ಲ. ದೂರು ಹೇಳಿದ ತಿರುಳು ಆ ದಿನದ ಮಟ್ಟಿಗೆ ಲೂಬಿಯ 1986ರ ಯಾದೃಚ್ಛಿಕ ವಿಧಾನಕ್ಕೆ ಜಾರಬಹುದು. ಅದಕ್ಕೆ ಯಾವ ಆಕಾರದ ಮಾತೂ ಬೇಡ, ಬಣ್ಣಗಳು ಮಾತ್ರ ಹೆಚ್ಚು ಬೇಕು. ಸದ್ದಿಲ್ಲದೆ ಜಾರುವಂತೆ ಬರೆಯಬೇಡಿ. ಸದ್ದಿಲ್ಲದೆ ಜಾರಿದ ಪ್ರೋಗ್ರಾಮ್ ಆರು ತಿಂಗಳ ನಂತರ ‘ಯಾಕೋ ನಿಧಾನ’ ಎಂಬ ದೂರಾಗಿ ನಿಮ್ಮ ಮೇಜಿಗೇ ಮರಳುತ್ತದೆ.

ತಿದ್ದಿದ್ದನ್ನು ಪರೀಕ್ಷಿಸುವುದು ಹೀಗೆ. ಪರೀಕ್ಷಾ ಜಾಲದಲ್ಲಿ ಸೋಸುವ ಸಾಲುಗಳನ್ನು ತೆಗೆದು, ಮೊದಲು ಏಳು ನೋಡ್‌ಗಳ ನಡುವೆ ಎಲ್ಲರಿಂದ ಎಲ್ಲರಿಗೂ ಕೊಂಡಿ ಹಾಕಿ. ಒಬ್ಬೊಬ್ಬರಿಗೆ ಒಳಗಿನ ನೆರೆಯವರು ಆರು. ಹೊರಗಿನ ನೆರೆಯವರು ಹೊರಬಿದ್ದ ಮರುಸುತ್ತಿಗೇ ಇವರೂ ಹೊರಬಿದ್ದು ಯಾವ ದೂರೂ ಬರಬಾರದು. ಆಮೇಲೆ ಎಂಟನೆಯದನ್ನು ಸೇರಿಸಿ. 39ನೇ ಸುತ್ತು ಮುಗಿದೊಡನೆ ಲಾಗ್‌ನಲ್ಲಿ ಎಂಟು ಹೆಸರುಗಳು ಬರಬೇಕು, ಒಂದೊಂದರ ಮುಂದೆ ಉಳಿದ ಏಳು. ಏಳೇ ಬಂದರೆ ಯಾರದೋ ಸಂದೇಶ ಕಳೆದಿದೆ. ಒಂಬತ್ತು ಬಂದರೆ ಆ ಒಂಬತ್ತನೆಯವನ ನೆರೆಪಟ್ಟಿಯನ್ನು ತೆರೆದು, ಅದರಲ್ಲಿ ಯಾವ ಪದರದ ಕೊಂಡಿಗಳಿವೆ ಎಂದು ನೋಡಿ.